ಮೂರನೆಯ ಗೆರೆಯ ಡೊಂಕು

ಊಟದ ಮೇಜಿಗೆ ಕೂತರೆ ಲೈಲ್ ವಿಟ್‌ಕೋಂಬನ ಬಾಯಿಗೆ ಬೀಗವಿರುತ್ತಿರಲಿಲ್ಲ. ಹಾರ್ಲೋ ಫಾಲ್ಸಿನಲ್ಲಿ ಕಾರು ಮಾರುವ ಅಂಗಡಿ ಅವನದು, ಕೊಕ್ಕರೆಗಳು ಎಂಬ ಹೆಸರಿನ ಊರಿನ ಬೇಸ್‌ಬಾಲ್ ತಂಡವೂ ಅವನದೇ. ಏಪ್ರಿಲಿನಲ್ಲಿ ವ್ಯಾಪಾರಿಗಳ ಸಂಘದ ಊಟದ ಹೊತ್ತಿಗೆ ಯಾರೋ ಕೇಳಿದರು, ವರ್ಷದ ಕೊನೆಗೆ ತಂಡವನ್ನು ದಕ್ಷಿಣದ ಯಾವುದೋ ಊರಿಗೆ ಕೊಟ್ಟು ಈ ಮೈದಾನವನ್ನು ಅಗೆಸಿ ಕಾರು ನಿಲ್ಲಿಸುತ್ತೀಯಂತಲ್ಲ, ನಿಜವೇ ಎಂದು. ವಿಟ್‌ಕೋಂಬ್ ಹಂದಿಮಾಂಸದ ತುಂಡನ್ನು ಮುಳ್ಳುಚಮಚಕ್ಕೆ ಚುಚ್ಚಿಕೊಂಡು, "ಕೊಕ್ಕರೆಗಳು ಈ ಸಲ ಕಪ್ ಗೆದ್ರೆ ಇನ್ನೊಂದು ವರ್ಷ ಇಲ್ಲೇ ಇಟ್ಕೋತೀನಿ ಬಿಡಿ" ಅಂದ. ಮೇಜಿಗೆ ಮೇಜೇ ನಕ್ಕಿತು. ತಂಡ ನಾಲ್ಕು ವರ್ಷದಿಂದ ಪಟ್ಟಿಯ ಕೊನೆಯಲ್ಲಿತ್ತು.

ಆದರೆ ಆ ಮೇಜಿನ ತುದಿಯಲ್ಲಿ ಊರಿನ ಪತ್ರಿಕೆಯವನೂ ಉಣ್ಣುತ್ತಿದ್ದ. ಮರುದಿನ ಆ ಮಾತು ಮೊದಲ ಪುಟದಲ್ಲಿ, ವಿಟ್‌ಕೋಂಬನ ನಗುಮುಖದ ಸಮೇತ ಬಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬರ್ನೀಸ್ ಡೂಡೆಕ್ ಆ ತುಣುಕನ್ನು ಕತ್ತರಿಸಿ ಮೈದಾನದ ಸಾಮಾನಿನ ಕೊಟ್ಟಿಗೆಯ ಬಾಗಿಲಿಗೆ ನಾಲ್ಕು ಮೊಳೆ ಹೊಡೆದು ಜಡಿದಳು. ಒಂದು ಮೊಳೆ ಸಾಕಿತ್ತು.

ಬರ್ನೀಸ್ ಮೈದಾನ ನೋಡಿಕೊಳ್ಳುವವಳು. ಐವತ್ತೊಂಬತ್ತು ವರ್ಷ, ಗಂಡಸಿನ ಬೂಟು, ಬಿಸಿಲಿಗೆ ಸುಟ್ಟ ಕತ್ತು. ಅವಳಿಗಿಂತ ಮುಂಚೆ ಇಪ್ಪತ್ತೇಳು ವರ್ಷ ಅವಳ ಗಂಡ ಕ್ಯಾಸಿಮಿರ್ ಆ ನೆಲವನ್ನು ನೋಡಿಕೊಂಡಿದ್ದ. ಅವನು ಒಂದು ಫೆಬ್ರವರಿಯಲ್ಲಿ ಸತ್ತ. ಹಿಮ ಕರಗಿದ ಮೇಲೆ ಬರ್ನೀಸ್ ಅವನ ಬೀಗದ ಕೈ ತೆಗೆದುಕೊಂಡು ಬಂದು ಕುಂಟೆ ಹಿಡಿದಳು. ಬಾ ಎಂದು ಯಾರೂ ಕರೆದಿರಲಿಲ್ಲ, ಹೋಗು ಎಂದೂ ಯಾರೂ ಹೇಳಲಿಲ್ಲ. ಹಾಗೇ ಆರು ವರ್ಷ ಕಳೆದಿತ್ತು.

ನೆಲ ಎಂದರೆ ಸುಮ್ಮನೆ ಬಿದ್ದಿರುವ ವಸ್ತು ಅಂದುಕೊಂಡವರು ಬೇಸ್‌ಬಾಲನ್ನು ರೇಡಿಯೋದಲ್ಲಿ ಮಾತ್ರ ಕೇಳಿದವರು. ನಮ್ಮ ಪಿಚರ್‌ಗಳು ತಗ್ಗಿನಲ್ಲಿ ಎಸೆಯುವವರಾದರೆ ಹುಲ್ಲನ್ನು ಎತ್ತರಕ್ಕೆ ಬಿಡಬೇಕು, ಬ್ಯಾಟರನ ಮುಂದಿನ ಮಣ್ಣಿಗೆ ನೀರುಣಿಸಬೇಕು; ಹೊಡೆದ ಚೆಂಡು ಅಲ್ಲೇ ಮುಗ್ಗರಿಸಿ ಮಲಗುತ್ತದೆ. ಎದುರಾಳಿಗಳಲ್ಲಿ ಓಟಗಾರರಿದ್ದರೆ ಅವರು ಓಡುವ ದಾರಿಯನ್ನು ತುಸು ಸಡಿಲ ಮಾಡಿಟ್ಟರಾಯಿತು. ಎಲ್ಲ ಊರಿನವರೂ ಇದನ್ನು ಮಾಡುತ್ತಾರೆ, ಎಲ್ಲರೂ ಇಲ್ಲ ಅನ್ನುತ್ತಾರೆ. ಆದರೆ ಕ್ಯಾಸಿಮಿರ್ ಮಾಡಿದ್ದು ಇನ್ನೂ ಒಂದು ಕೈ ಮೇಲೆ. ಮೂರನೆಯ ಬೇಸಿಗೆ ಹೋಗುವ ಸುಣ್ಣದ ಗೆರೆಯ ಆಚೆಬದಿಯ ನೆಲವನ್ನು ಅವನು ಮೂರು ಬೇಸಿಗೆಕಾಲ ಕೂತು, ನದಿ ದಂಡೆಯ ಜೇಡಿಮಣ್ಣು ತಂದು, ಎರಡು ಬೆರಳಿನಷ್ಟು ಏರಿಸಿದ್ದ. ಎರಡೇ ಬೆರಳು. ಕಣ್ಣಿಗೆ ಕಾಣುತ್ತಿರಲಿಲ್ಲ, ಕಾಲಿಗೆ ತಿಳಿಯುತ್ತಿರಲಿಲ್ಲ.

ಚೆಂಡಿಗೆ ಮಾತ್ರ ತಿಳಿಯುತ್ತಿತ್ತು. ಬ್ಯಾಟು ಬೀಸದೆ ಚೆಂಡಿಗೆ ಮೆತ್ತಗೆ ತಾಗಿಸಿ ಬಿಟ್ಟು ಓಡುವುದನ್ನು ಬಂಟ್ ಅನ್ನುತ್ತಾರೆ. ಅಂಥ ಚೆಂಡು ಉರುಳುತ್ತ ಗೆರೆಯಾಚೆ ಹೋಗಿ ನಿಂತರೆ ಅದು ಫೌಲು, ಲೆಕ್ಕಕ್ಕಿಲ್ಲ. ಗೆರೆಯ ಮೇಲೆ ಅಥವಾ ಒಳಗೆ ನಿಂತರೆ ಆಟದೊಳಗೆ. ಹಾರ್ಲೋ ಫಾಲ್ಸಿನಲ್ಲಿ ಮೂರನೆಯ ಗೆರೆ ದಾಟಿದ ಚೆಂಡು, ಮೇಯಲು ಹೋದ ಹಸು ಸಂಜೆಗೆ ಕೊಟ್ಟಿಗೆಗೆ ಬರುವಂತೆ ಒಳಕ್ಕೆ ವಾಪಸು ಬರುತ್ತಿತ್ತು. ಕೊಕ್ಕರೆಗಳು ಬಂಟ್ ಮೇಲೆ ಬಂಟ್ ಮಾಡಿ ಬದುಕಿದ್ದೇ ಹೀಗೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗಾದೆ. ಇಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು, ಹಾಗೆಂದು ಗೊಣಗಿದ ಎದುರಾಳಿಗಳನ್ನು ಮೂವತ್ತು ವರ್ಷ ಯಾರೂ ನಂಬಲಿಲ್ಲ.

ನಮ್ಮ ಕಡೆಯ ಮೂರನೇ ಬೇಸಿನ ಆಟಗಾರನಿಗೆ ಮಾತ್ರ ಈ ಗುಟ್ಟು ಗೊತ್ತಿರಲೇಬೇಕು. ಬೇರೆಲ್ಲ ಮೈದಾನದಲ್ಲಿ ಅವನು ಕಲಿತ ಬುದ್ಧಿ ಏನೆಂದರೆ, ಗೆರೆಯತ್ತ ಉರುಳುವ ಚೆಂಡನ್ನು ಮುಟ್ಟದೆ ಬಿಡು, ತಾನೇ ಆಚೆ ಹೋಗುತ್ತದೆ ಎಂಬುದು. ಇಲ್ಲಿ ಹಾಗೆ ಬಿಟ್ಟರೆ ಕೆಟ್ಟ. ಅದಕ್ಕೇ ಕ್ಯಾಸಿಮಿರ್ ಒಂದು ಪದ್ಧತಿ ಇಟ್ಟಿದ್ದ: ಹೊಸಬ ಬಂದ ಮೊದಲ ದಿನ ಅವನನ್ನು ಗೆರೆಯುದ್ದಕ್ಕೂ ನಡೆಸುವುದು, ಮೂರು ಚೆಂಡು ಉರುಳಿಸಿ ತೋರಿಸುವುದು, ಬಾಯಿ ಬಿಡಬಾರದೆಂದು ಮಾತು ತೆಗೆದುಕೊಳ್ಳುವುದು. ಬರ್ನೀಸ್ ಆರು ವರ್ಷದಲ್ಲಿ ಒಂಬತ್ತು ಜನರನ್ನು ಹಾಗೆ ನಡೆಸಿದ್ದಳು. ಒಬ್ಬನನ್ನೂ ತಪ್ಪಿಸಿರಲಿಲ್ಲ.

ಏಪ್ರಿಲಿನಲ್ಲಿ ತಂಡ ಎಂದಿನಂತೆ ಸೋತಿತು. ಒಂಬತ್ತು ಆಟ ಒಂದೇ ಸಮನೆ. ಬೇರೆ ಊರಿನವರು ಟೋಪಿಯ ಮೇಲಿನ ಹಕ್ಕಿಯನ್ನು ತೋರಿಸಿ, ಒಂಟಿ ಕಾಲಲ್ಲಿ ಮೀನಿಗೆ ಕಾದು ಕಾದು ನಿದ್ದೆ ಹೋಗಿದೆ ಎಂದು ಹಂಗಿಸಿದರು. ಮೇ ತಿಂಗಳಲ್ಲಿ ಕಾಗದದ ಕಾರ್ಖಾನೆ ಮೂರು ಪಾಳಿಯನ್ನು ಎರಡಕ್ಕೆ ಇಳಿಸಿತು. ಮಧ್ಯಾಹ್ನ ಮಾಡಲು ಕೆಲಸವಿಲ್ಲದ ಗಂಡಸರು ಮೈದಾನಕ್ಕೆ ಬಂದು ಕೂತರು. ಕಾರ್ಖಾನೆಯನ್ನು ಬೈಯುವಂತಿರಲಿಲ್ಲ, ಅಂಪೈರನ್ನು ಬೈದರು. ಆ ಸಿಟ್ಟು ಹೇಗೋ ಆಟಗಾರರಿಗೂ ಹತ್ತಿತು. ಮ್ಯಾನೇಜರ್ ಆರ್ಲೋ ಫೆನ್ನಿಮೋರ್ ದೊಡ್ಡ ಹೊಡೆತಗಳ ಆಸೆ ಬಿಟ್ಟು ಬಂಟ್ ಮಾಡಿಸಿದ, ಪಿಚರನ ಕಣ್ಣು ತಪ್ಪಿಸಿ ಬೇಸಿನಿಂದ ಬೇಸಿಗೆ ಕದ್ದು ಓಡಿಸಿದ, ಮೂವತ್ತೆಂಟು ವರ್ಷದ ಪಿಚರ್ ಸ್ಟ್ರೌಡನ ಕೈಯಲ್ಲಿ ನಿಧಾನದ ತಗ್ಗು ಚೆಂಡುಗಳನ್ನು ಎಸೆಸಿದ. ಆಗಸ್ಟಿನಲ್ಲಿ ಹದಿನೇಳರಲ್ಲಿ ಹದಿನಾಲ್ಕು ಗೆದ್ದರು. ಕೊನೆಯ ದಿನ ಅರ್ಧ ಆಟದ ಅಂತರದಲ್ಲಿ ಪ್ಲೇಆಫಿಗೆ ನುಗ್ಗಿದರು, ಸೆಮಿಫೈನಲ್ಲನ್ನೂ ಗೆದ್ದರು.

ಊರು ಹಿಗ್ಗಿತು. ವಿಟ್‌ಕೋಂಬ್ ಕುಗ್ಗಿದ. ದಕ್ಷಿಣದವರಿಗೆ ಅವನು ಕೈ ಕುಲುಕಿ ಆಗಿತ್ತು. ಅಕ್ಟೋಬರಿಗೆ ಅಗೆಯುವ ಯಂತ್ರಕ್ಕೂ ಹೇಳಿ ಆಗಿತ್ತು. ಈಗ ಪೆಟ್ರೋಲ್ ಹಾಕುವ ಹುಡುಗಿಯಿಂದ ಪಾದ್ರಿಯವರೆಗೆ ಎಲ್ಲರೂ ಅವನ ಮಾತನ್ನು ಅವನಿಗೇ ಓದಿ ಹೇಳುತ್ತಿದ್ದರು.

ಅವನಿಗೆ ಮೊದಲ ಸಹಾಯ ಮೇಲಿನಿಂದ ಬಂತು. ಸಣ್ಣ ತಂಡದ ಬಾಳೇ ಹೀಗೆ: ಹಾಲು ಕಾಯಿಸುವುದು ನೀವು, ಕೆನೆ ಕಟ್ಟಿತೋ ಇಲ್ಲವೋ ದೊಡ್ಡ ತಂಡದವರು ಬಂದು ಕೆನೆ ಎತ್ತಿಕೊಂಡು ಹೋಗುತ್ತಾರೆ. ಸೆಮಿಫೈನಲ್ ಮುಗಿದ ಮರುದಿನವೇ ನಮ್ಮ ಮೂರನೇ ಬೇಸಿನವನಿಗೆ ಮೇಲಿನಿಂದ ಕರೆ ಬಂತು, ಅವನು ಬ್ಯಾಗು ಹೊತ್ತು ಹೋದ. ಅವನ ಬದಲಿಗೆ ವೆಂಡೆಲ್ ಟಿಬ್ಸ್ ಎಂಬವನನ್ನು ಕಳಿಸಿದರು. ಮೂವತ್ತೊಂದು ವರ್ಷ, ಐದು ಊರುಗಳ ಮೆಟ್ಟಿಲು ಇಳಿದು ಬಂದವನು, ಕಡಿಮೆ ಮಾತಿನ ಮನುಷ್ಯ. ಅವನು ಬಸ್ಸಿನಲ್ಲಿ ನೇರ ಡ್ರೇಟನ್ನಿಗೇ ಹೋಗಿ ತಂಡ ಸೇರಿಕೊಂಡ. ಫೈನಲ್ ಮೂರು ಆಟದ್ದು, ಮೊದಲನೆಯದು ಅಲ್ಲಿ.

ಡ್ರೇಟನ್ ತಂಡದ ಹೆಸರು ಮ್ಯೂಲ್ಸ್, ಹೇಸರಗತ್ತೆಗಳು. ಗುರುವಾರ ಅವರ ಊರಿನಲ್ಲೇ ಅವರನ್ನು ನಮ್ಮವರು ಮೂರು ಎರಡರಿಂದ ಸೋಲಿಸಿದರು. ಉಳಿದೆರಡು ಆಟ ಹಾರ್ಲೋ ಫಾಲ್ಸಿನಲ್ಲಿ, ಶನಿವಾರ ಮತ್ತು ಭಾನುವಾರ. ಅದರಲ್ಲಿ ಒಂದು ಗೆದ್ದರೆ ಕಪ್, ಕಪ್ ಗೆದ್ದರೆ ಮೈದಾನ.

ಶನಿವಾರ ಬೆಳಿಗ್ಗೆ ಬರ್ನೀಸ್ ನೀರಿನ ಕೊಳಾಯಿ ತಿರುಗಿಸಿದಳು. ಕೊಳಾಯಿ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಗೇಟಿನ ಪಕ್ಕದ ದೊಡ್ಡ ತಿರುಗಣೆಗೆ ಹೊಸ ಸರಪಳಿ, ಹೊಸ ಬೀಗ. ಹತ್ತು ದಿನದಿಂದ ಮಳೆಯಿಲ್ಲದೆ ಮಣ್ಣು ಹಂಚಿನಂತಾಗಿತ್ತು. ಅದರ ಮೇಲೆ ನಮ್ಮವರು ಎಸೆದ ತಗ್ಗು ಚೆಂಡನ್ನು ಯಾರು ಹೊಡೆದರೂ ಪುಟಿದು ತಲೆಯ ಮೇಲೆ ಹಾರಿ ಹೋಗುತ್ತಿತ್ತು. ವಿಟ್‌ಕೋಂಬ್ ತಾನೇ ಬಂದು, ಪೈಪು ರಿಪೇರಿ, ಸೋಮವಾರದವರೆಗೆ ನೀರಿಲ್ಲ ಅಂದ. ದಕ್ಷಿಣದ ಹೊಸ ಮೈದಾನದಲ್ಲಿ ಪ್ಲಾಸ್ಟಿಕ್ ಹುಲ್ಲಂತೆ, ಅದಕ್ಕೆ ನೀರೂ ಬೇಡ ಆಳೂ ಬೇಡ, ಆದರೂ ಅವಳಿಗೆ ಟಿಕೆಟ್ ಕಿಟಕಿಯಲ್ಲಿ ಒಂದು ಕುರ್ಚಿ ಕೊಡಿಸುತ್ತಾನಂತೆ. ಎರಡು ದಿನ ಕೈ ಕಟ್ಟಿ ಕೂತರೆ ಸಾಕಂತೆ.

ಬರ್ನೀಸ್ ತನ್ನ ಹಳೆಯ ಟ್ರಕ್ ಹತ್ತಿ ಅಗ್ನಿಶಾಮಕದ ಠಾಣೆಗೆ ಹೋದಳು. ಅಲ್ಲಿಯ ಮುಖ್ಯಸ್ಥ ಗಸ್ ಪೆಟ್ರಾಕ್, ಕ್ಯಾಸಿಮಿರನ ಜೊತೆ ಮೀನು ಹಿಡಿಯುತ್ತಿದ್ದವನು. ಹತ್ತೂವರೆಗೆ ಕೆಂಪು ಗಾಡಿ ನದಿಗಿಳಿದು ಹೊಟ್ಟೆ ತುಂಬ ನೀರು ಕುಡಿದು, ಗಂಟೆ ಬಾರಿಸುತ್ತ ಮೈದಾನದೊಳಗೆ ಬಂತು. ಬೆಂಕಿ ಎಲ್ಲಿದೆ ಎಂದು ವಿಟ್‌ಕೋಂಬ್ ಅಡ್ಡ ನಿಂತು ಕೇಳಿದ.

"ಬರೋ ತನಕ ಕಾಯ್ಬೇಕೇನಪ್ಪ ಲೈಲ್? ಇದು ಅಭ್ಯಾಸ" ಎಂದ ಗಸ್.

ಮೂರು ಸಲ ನದಿಗೆ ಹೋಗಿ ಬಂದರು. ಕೊಳವೆಯ ರಭಸಕ್ಕೆ ಮಣ್ಣು ಕೊಚ್ಚಿ ಹೋಗದಂತೆ ಬರ್ನೀಸ್ ತಾನೇ ಬಾಯಿಗೆ ಗೋಣಿ ಕಟ್ಟಿ ಹಿಡಿದು, ಇಂಚಿಂಚಿಗೂ ನೀರುಣಿಸಿದಳು. ಒಂದೂವರೆಯ ಹೊತ್ತಿಗೆ ನೆಲ ಹದಕ್ಕೆ ಬಂತು. ಅವಳ ಲಂಗ ಮೊಣಕಾಲವರೆಗೆ ಕೆಸರು, ಮುಖದ ತುಂಬ ಗೆಲುವು. ವಿಟ್‌ಕೋಂಬನ ಮುಖಕ್ಕೆ ಹೊಡೆದಂತೆ ಕೆಲಸ ಮುಗಿಸಿದ ಖುಷಿಯಲ್ಲಿ ಅವಳು ಒಂದನ್ನು ಮರೆತಳು. ಬೆಳಿಗ್ಗೆ ತಂಡದ ಬಸ್ಸಿನಿಂದ ಇಳಿದ ವೆಂಡೆಲ್ ಟಿಬ್ಸ್ ಆ ಮೈದಾನವನ್ನು ಜನ್ಮದಲ್ಲಿ ಮೊದಲ ಸಲ ನೋಡುತ್ತಿದ್ದ. ಅವನನ್ನು ಗೆರೆಯುದ್ದಕ್ಕೆ ಯಾರೂ ನಡೆಸಲಿಲ್ಲ.

ಎಂಟನೆಯ ಇನಿಂಗ್ಸಿಗೆ ಒಂದು ಒಂದು ಸಮ. ಡ್ರೇಟನ್ನಿನ ಓಟಗಾರನೊಬ್ಬ ಮೂರನೇ ಬೇಸಿನಲ್ಲಿದ್ದ. ಬ್ಯಾಟಿಗೆ ಬಂದವನು ಲೋನಿ ಬ್ರಾಂಟ್, ಅವರಲ್ಲೇ ಕಾಲು ಚುರುಕಿನವನು, ನಾಲಿಗೆ ಅದಕ್ಕಿಂತ ಚುರುಕು. ಅವನು ಬಂಟ್ ಮಾಡಿದ. ಚೆಂಡು ಮೂರನೆಯ ಗೆರೆಯತ್ತ ಉರುಳಿತು. ಟಿಬ್ಸ್ ಓಡಿಬಂದು ಬಗ್ಗಿ ನೋಡಿದ. ಚೆಂಡು ಗೆರೆ ದಾಟಿತು. ಜಗತ್ತಿನ ಯಾವ ಮೂರನೇ ಬೇಸಿನವನಾದರೂ ಮಾಡುವುದನ್ನೇ ಅವನು ಮಾಡಿದ: ಕೈ ಹಿಂದೆ ಎಳೆದುಕೊಂಡು, ಹೋಗಲಿ ಎಂದು ಬಿಟ್ಟ. ಗೆರೆಯ ಆಚೆ ಇದ್ದಾಗ ಒಂದು ಬೆರಳು ತಾಗಿಸಿದ್ದರೂ ಫೌಲಾಗುತ್ತಿತ್ತು. ಸಾಮಾನಿನ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಬರ್ನೀಸಳಿಗೆ ಆಗಲೇ ತನ್ನ ಮರೆವು ನೆನಪಾಗಿತ್ತು.

ಚೆಂಡು ಆಚೆ ಹೋಗಿ, ನಿಧಾನವಾಗಿ ವಾಪಸು ಬಂದು, ಸುಣ್ಣದ ಮೇಲೆ ಕೂತಿತು. ಅಷ್ಟರಲ್ಲಿ ಓಟಗಾರ ಮನೆ, ಅಂದರೆ ಬ್ಯಾಟರ್ ನಿಲ್ಲುವ ಕೊನೆಯ ಬೇಸು, ಸೇರಿ ರನ್ ಮಾಡಿದ್ದ. ನಮ್ಮವರು ಆ ಆಟವನ್ನು ಎರಡು ಒಂದರಿಂದ ಸೋತರು. ನಾಲ್ಕು ಸಾವಿರ ಜನ ಚೆಂಡು ವಾಪಸು ಬಂದದ್ದನ್ನು ಕಣ್ಣಾರೆ ನೋಡಿದರು, ರೇಡಿಯೋದವನು ಅದನ್ನು ಮೂರು ಸಲ ಬಣ್ಣಿಸಿದ. ಮೂವತ್ತು ವರ್ಷದ ಗುಟ್ಟು ಒಂದು ನಿಮಿಷದಲ್ಲಿ ಬಯಲಾಯಿತು.

ಬರ್ನೀಸ್ ಆಟಗಾರರು ಬಟ್ಟೆ ಬದಲಿಸುವ ಕೋಣೆಗೇ ನೇರ ಹೋದಳು. ಅರ್ಧ ಬಟ್ಟೆಯಲ್ಲಿದ್ದ ಗಂಡಸರು ಟವೆಲ್ ಹುಡುಕಿಕೊಂಡರು. ತಪ್ಪು ನನ್ನದು, ಇವನಿಗೆ ಹೇಳುವುದು ನನ್ನ ಕೆಲಸ, ನಾನು ಹೇಳಲಿಲ್ಲ ಎಂದು ಎಲ್ಲರೆದುರು ಅಂದಳು. ಫೆನ್ನಿಮೋರ್ ಟೋಪಿ ತೆಗೆದು ನೆಲಕ್ಕೆ ಎಸೆದ, ಆಮೇಲೆ ತಾನೇ ಎತ್ತಿಕೊಂಡ. ಟಿಬ್ಸ್ ಬೂಟಿನ ದಾರ ಬಿಚ್ಚುತ್ತ ತಲೆ ಎತ್ತದೆ ಹೇಳಿದ.

"ಮ್ಯಾನೇಜರ್‌ಗಳು ಸುಳ್ಳು ಹೇಳಿದ್ದು ನೋಡಿದ್ದೀನಿ, ಏಜೆಂಟ್‌ಗಳು ಹೇಳಿದ್ದೂ ನೋಡಿದ್ದೀನಿ. ನೆಲ ಸುಳ್ಳು ಹೇಳಿದ್ದು ಇದೇ ಮೊದಲು ಕಣಮ್ಮ."

ಆ ಮಾತು ಅವಳಿಗೆ ನಾಟಿತು. ಸಂಜೆ ರೇಡಿಯೋದಲ್ಲಿ ಲೋನಿ ಬ್ರಾಂಟ್ ಬೇರೆ ಕೊಚ್ಚಿಕೊಂಡ. ಹಾರ್ಲೋ ಫಾಲ್ಸಿನ ಮೂರನೇ ಗೆರೆ ತುಂಬ ಒಳ್ಳೆಯ ಗೆರೆ, ಯಾರನ್ನೂ ಹೊರಗೆ ಹಾಕುವುದಿಲ್ಲ, ನಾಳೆ ಕಣ್ಣು ಮುಚ್ಚಿಕೊಂಡು ಬಂಟ್ ಮಾಡುತ್ತೇನೆ, ಆ ಮುದುಕಿಗೆ ಒಂದು ಹೂಗುಚ್ಛ ಕಳಿಸಬೇಕು ಅಂದ. ಅದು ಸಾಲದೆಂಬಂತೆ ವಿಟ್‌ಕೋಂಬ್ ಕೊಟ್ಟಿಗೆಗೆ ಬಂದು ಬಾಗಿಲಿಗೆ ಒರಗಿ ನಿಂತ. ಬೆನ್ನ ಹಿಂದೆ ಅವನದೇ ನಗುಮುಖದ ತುಣುಕು.

"ಕ್ಯಾಸ್‌ನ ಬುದ್ಧಿವಂತಿಕೆ ಕೊನೆಗೆ ಅವನ ಮನೇನೇ ತಿಂತು ನೋಡು. ಸುಮ್ಮನಿರು ಬರ್ನೀಸ್, ಇನ್ನು ಆ ನೆಲ ಮುಟ್ಟಬೇಡ."

"ನಾಳೆ ನೀರು ಬಿಡ್ತೀಯಾ?" ಎಂದಷ್ಟೇ ಕೇಳಿದಳು ಬರ್ನೀಸ್.

ಬಿಡುವುದಿಲ್ಲ ಎಂದು ಅವನು ಹೋದ. ಆ ಗೆರೆಯನ್ನು ಹಾಗೇ ಬಿಡಬೇಕೆಂದು ಫೆನ್ನಿಮೋರನೂ ಹೇಳಿದ್ದ. ನಮ್ಮವರೂ ಬಂಟ್ ಮಾಡುವವರೇ, ಇಬ್ಬರಿಗೂ ಒಂದೇ ನೆಲ ಎಂಬುದು ಅವನ ಲೆಕ್ಕ. ಜೊತೆಗೆ ಊರಲ್ಲಿ ಆ ಎರಡು ಬೆರಳಿನ ಏರಿನ ಮೇಲೆ ಭಕ್ತಿಯೂ ಇತ್ತು. ಗುಟ್ಟು ಬಯಲಾದ ಕೂಡಲೇ ಅದು ಕ್ಯಾಸಿಮಿರನ ಸ್ಮಾರಕವೆಂದು ಬಾರಿನಲ್ಲಿ ಎರಡು ಸುತ್ತು ಬಿಯರ್ ಎತ್ತಿದರಂತೆ. ಅವನಿಗೆ ಸಮಾಧಿಯ ಮೇಲೆ ಒಂದು ಕಲ್ಲಿತ್ತು, ಆದರೆ ಬರ್ನೀಸ್ ಅಲ್ಲಿಗೆ ಹೋಗುತ್ತಿದ್ದುದು ಕಡಿಮೆ. ಅವನೊಂದಿಗೆ ಮಾತಾಡಬೇಕೆನಿಸಿದರೆ ಅವಳು ಮೂರನೆಯ ಗೆರೆಯ ಪಕ್ಕ ಮೊಣಕಾಲೂರಿ ಕಳೆ ಕೀಳುತ್ತಿದ್ದಳು.

ಭಾನುವಾರ ಬೆಳಿಗ್ಗೆ ಐದೂವರೆಗೆ ಅವಳು ಗೇಟು ತೆರೆದಾಗ ಆಟಗಾರರ ಬೆಂಚಿನ ಮೇಲೆ ಟಿಬ್ಸ್ ಕೂತಿದ್ದ. ಕಾಲ ಬಳಿ ಬ್ಯಾಗು. ಆರೂ ಹತ್ತರ ಬಸ್ಸಿದೆ, ಹೋಗಲೋ ಬೇಡವೋ ಎಂದು ಯೋಚಿಸುತ್ತಿದ್ದೇನೆ ಅಂದ. ಬರ್ನೀಸ್ ಅವನ ಕೈಗೆ ಒಂದು ದಾರದ ತುದಿ ಕೊಟ್ಟು, ಹೋಗುವುದಾದರೂ ಇದನ್ನು ಹಿಡಿದು ಆಮೇಲೆ ಹೋಗು ಅಂದಳು. ಇನ್ನೊಂದು ತುದಿ ಹಿಡಿದು ಬೇಸಿನಿಂದ ಬೇಸಿಗೆ ನೇರ ಎಳೆದಳು. ಹಾಗೆ ದಾರ ಕಟ್ಟಿದಾಗ ಮಾತ್ರ ಕ್ಯಾಸಿಮಿರನ ಏರು ಕಣ್ಣಿಗೆ ಕಾಣುತ್ತಿತ್ತು. ಟಿಬ್ಸ್ ಕೂತು ಅದನ್ನು ನೋಡಿದ, ಬೆರಳಿನಿಂದ ಸವರಿದ, ಮೊದಲ ಸಲ ನಕ್ಕ. ಒಳ್ಳೆ ಕಿಲಾಡಿ ಕಣಮ್ಮ ನಿಮ್ಮ ಯಜಮಾನರು ಅಂದ.

ಬರ್ನೀಸ್ ಸಲಿಕೆ ತೆಗೆದುಕೊಂಡು ಆ ಏರಿಗೆ ಹಾಕಿದಳು.

ಮೊದಲ ಏಟಿಗೆ ಮೇಲಿನ ಕಂದು ಮಣ್ಣು ಬಂತು. ಅದರ ಕೆಳಗೆ ಬೂದು ಜೇಡಿ, ಕ್ಯಾಸಿಮಿರ್ ನದಿಯಿಂದ ತಳ್ಳುಗಾಡಿಯಲ್ಲಿ ತಂದು, ಕೈಯಲ್ಲೇ ತಟ್ಟಿ ತಟ್ಟಿ ಕೂರಿಸಿದ್ದು. ಅಲ್ಲಲ್ಲಿ ಅವನ ಅಂಗೈ ಒತ್ತಿದ ತಗ್ಗು ಇನ್ನೂ ಇತ್ತೋ, ಅಥವಾ ಅವಳಿಗೆ ಹಾಗೆ ಕಂಡಿತೋ. ಬರ್ನೀಸ್ ಅತ್ತಳು. ಮುಚ್ಚಿಡುವುದೇನಿದೆ, ಅತ್ತಳು, ಅಳುತ್ತಲೇ ಕೆರೆದಳು. ಗಂಡನನ್ನು ಹೂಳಿದ ದಿನ ಬೇರೆಯವರು ಮಣ್ಣು ಹಾಕಿದ್ದರು. ಇಂದು ಅವನ ಮಣ್ಣು ತೆಗೆಯುವುದಕ್ಕೆ ಅವಳ ಕೈಯೇ ಬೇಕಾಯಿತು. ಈ ನೆಲವನ್ನು ಇನ್ನೊಬ್ಬರು ಅಗೆಯಬಾರದೆಂದರೆ ತಾನೇ ಅಗೆಯಬೇಕು ಎಂಬುದು ಅವಳ ಹಠ. ಟಿಬ್ಸ್ ಎದ್ದು ಇನ್ನೊಂದು ಸಲಿಕೆ ತಂದ. ಆರೂ ಹತ್ತರ ಬಸ್ಸು ಹೊರಗೆ ಹಾರ್ನ್ ಮಾಡಿಕೊಂಡು ಹೋಯಿತು.

ಏರನ್ನು ಬರೀ ಸಮ ಮಾಡಿದ್ದಲ್ಲ, ಆಚೆಗೆ ಅರ್ಧ ಬೆರಳು ಇಳಿಜಾರೇ ಮಾಡಿದಳು. ತೆಗೆದ ಮಣ್ಣನ್ನು ರಾಶಿ ಹಾಕಿದರೆ ಯಾರಾದರೂ ನೋಡಿಯಾರೆಂದು ದೂರದ ಗೋಡೆಯುದ್ದಕ್ಕೂ ಹರಡಿ ಉರುಳೆ ಹೊಡೆದರು. ಹೊಸ ಮಣ್ಣಿನ ಬಣ್ಣ ಎದ್ದು ಕಾಣದಂತೆ ಹಳೆಯ ಪುಡಿ ಉದುರಿಸಿ, ಮೇಲೆ ಸುಣ್ಣ ಎಳೆದರು. ಆಮೇಲೆ ಪದ್ಧತಿಯಂತೆ ಅವಳು ಟಿಬ್ಸನನ್ನು ಗೆರೆಯುದ್ದಕ್ಕೆ ನಡೆಸಿ ಮೂರು ಚೆಂಡು ಉರುಳಿಸಿದಳು. ಮೂರೂ ಆಚೆ ಹೋಗಿ ನಿಂತವು.

"ಒಂದು ಮಾತು ನೆನಪಿಟ್ಕೋ. ಮುಟ್ಟಬೇಡ. ಯಾರು ಏನೇ ಕೂಗಲಿ, ಮುಟ್ಟಬೇಡ."

"ಮ್ಯಾನೇಜರ್‌ಗೆ ಹೇಳ್ತೀರಾ?"

"ಫೆನ್ನಿ ಮುಖ ನೋಡಿದ್ದೀಯಲ್ಲ? ಅವನ ಹೊಟ್ಟೇಲಿ ಅನ್ನ ನಿಲ್ಲುತ್ತೆ, ಮಾತು ನಿಲ್ಲಲ್ಲ. ಬೇಡ."

ಹತ್ತು ಗಂಟೆಗೆ ಕೆಂಪು ಗಾಡಿ ಅಭ್ಯಾಸಕ್ಕೆ ಬಂತು. ಈ ಸಲ ಯಾರೂ ಅಡ್ಡ ನಿಲ್ಲಲಿಲ್ಲ.

ಮಧ್ಯಾಹ್ನ ಎರಡಕ್ಕೆ ಆಟ ಶುರುವಾಯಿತು. ಸ್ಟ್ರೌಡ್ ಎಸೆದ ಒಂದೊಂದು ಚೆಂಡೂ ಒದ್ದೆ ಮಣ್ಣಿಗೆ ಬಡಿದು ಸತ್ತಿತು. ನಾಲ್ಕನೆಯ ಇನಿಂಗ್ಸಿನಲ್ಲಿ ನಮ್ಮವರು ಎರಡು ರನ್ ಮಾಡಿದರು. ಬರ್ನೀಸಳಿಗೆ ಆ ಸಂತೋಷವೂ ಪೂರ್ತಿ ದಕ್ಕಲಿಲ್ಲ. ನಮ್ಮ ಬ್ಯಾಟರ್‌ಗಳು ಬಂಟಿಗೆ ಬ್ಯಾಟು ಅಡ್ಡ ಹಿಡಿದಾಗಲೆಲ್ಲ ಅವಳು ಕೊಟ್ಟಿಗೆಯ ಬಾಗಿಲನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಒಂದು ಚೆಂಡು ಮೂರನೆಯ ಗೆರೆಯಲ್ಲಿ ಆಚೆ ಹೋದರೆ ಸಾಕು, ಡ್ರೇಟನ್ನಿನವರಿಗೆ ತಿಳಿದುಹೋಗುತ್ತದೆ. ಫೆನ್ನಿಮೋರ್ ಮೂರು ಸಲ ಬಂಟ್ ಮಾಡಿಸಿದ. ಎರಡು ಮೊದಲನೇ ಬೇಸಿನ ಕಡೆ ಹೋದವು, ಒಂದು ಪಿಚರನ ಕೈಗೇ ಹೋಯಿತು. ದೇವರು ಅಂದು ಕೊಕ್ಕರೆಯ ಟೋಪಿ ಹಾಕಿಕೊಂಡಿದ್ದ.

ಏಳನೆಯದರಲ್ಲಿ ಡ್ರೇಟನ್ ಒಂದು ರನ್ ತೀರಿಸಿತು. ಒಂಬತ್ತನೆಯ, ಕೊನೆಯ ಇನಿಂಗ್ಸು ಬಂತು. ಎರಡು ಒಂದು. ಇಬ್ಬರು ಔಟಾದರು, ಆದರೆ ಒಬ್ಬ ಓಟಗಾರ ಹೇಗೋ ಮೂರನೇ ಬೇಸಿಗೆ ಬಂದು ಮುಟ್ಟಿದ. ಬ್ಯಾಟಿಗೆ ಲೋನಿ ಬ್ರಾಂಟ್ ಬಂದ. ಕೊಟ್ಟಿಗೆಯ ಬಾಗಿಲಲ್ಲಿದ್ದ ಬರ್ನೀಸಳತ್ತ ತಿರುಗಿ ಟೋಪಿ ಎತ್ತಿ ನಮಸ್ಕರಿಸಿದ ಆ ಪುಂಡ.

ಸ್ಟ್ರೌಡನ ಮೊದಲ ಚೆಂಡಿಗೆ ಬ್ರಾಂಟ್ ಬೀಸಿ ಗಾಳಿ ಹೊಡೆದ. ಎರಡನೆಯದಕ್ಕೂ ಅಷ್ಟೇ. ಎರಡು ಸ್ಟ್ರೈಕ್, ಮೂರಾದರೆ ಔಟ್. ಎರಡು ಸ್ಟ್ರೈಕ್ ಆದ ಮೇಲೆ ಬಂಟ್ ಮಾಡಿದ ಚೆಂಡು ಗೆರೆಯಾಚೆ ಹೋದರೆ ಬ್ಯಾಟರ್ ಔಟ್, ಅದು ಕಾನೂನು. ಆದ್ದರಿಂದ ತಲೆ ನೆಟ್ಟಗಿರುವವರು ಯಾರೂ ಆಗ ಬಂಟ್ ಮಾಡುವುದಿಲ್ಲ. ಆದರೆ ಯಾರನ್ನೂ ಹೊರಗೆ ಹಾಕದ ಗೆರೆಯೊಂದು ಕಣ್ಣೆದುರಿಗೇ ಇದೆಯಲ್ಲ. ಬ್ರಾಂಟ್ ತನ್ನ ಮ್ಯಾನೇಜರನ ಕಡೆ ನೋಡಿದ. ಮ್ಯಾನೇಜರ್ ಮೂಗು ಸವರಿಕೊಂಡ. ಸ್ಟ್ರೌಡ್ ಎಸೆದ. ಬ್ರಾಂಟ್ ಬ್ಯಾಟು ಅಡ್ಡ ಹಿಡಿದ.

ಸುಂದರವಾದ ಬಂಟ್ ಅದು, ಸುಳ್ಳು ಹೇಳಬಾರದು. ಬೆಣ್ಣೆಯ ಮೇಲೆ ಬಿಟ್ಟಂತೆ ಮೂರನೆಯ ಗೆರೆಯ ಪಕ್ಕಪಕ್ಕಕ್ಕೆ ಉರುಳಿತು. ಓಟಗಾರ ಮನೆಗೆ ಓಡಿದ, ಬ್ರಾಂಟ್ ಮೊದಲನೇ ಬೇಸಿಗೆ ಹಾರಿದ. ಟಿಬ್ಸ್ ಬಂದ. ಬಂದವನು ಚೆಂಡಿನ ಮೇಲೆ ಬಗ್ಗಿ, ಎರಡೂ ಕೈಯನ್ನು ಮೊಣಕಾಲ ಮೇಲಿಟ್ಟು ನಿಂತುಬಿಟ್ಟ.

ಇಡೀ ಹಾರ್ಲೋ ಫಾಲ್ಸ್ ಎದ್ದು ನಿಂತು ಅವನ ವಂಶವನ್ನೆಲ್ಲ ಬೈಯಿತು. ನಿನ್ನೆಯ ತಪ್ಪನ್ನೇ ಇವತ್ತೂ ಮಾಡುತ್ತಿದ್ದಾನಲ್ಲ ಎಂದು ಒಬ್ಬ ಮುದುಕ ಹಾಟ್‌ಡಾಗನ್ನೇ ಎಸೆದ. ಫೆನ್ನಿಮೋರ್ ಬೆಂಚು ದಾಟಿ ಹೊರಗೆ ಬಂದು, "ಎತ್ತೋ, ಎತ್ತೋ ಅದನ್ನ, ವಾಪಸ್ ಬರುತ್ತೆ ಕಣೋ" ಎಂದು ಗಂಟಲು ಹರಿದುಕೊಂಡ. ಸ್ಟ್ರೌಡ್ ತಾನೇ ಎತ್ತಲು ನುಗ್ಗಿದ. ಟಿಬ್ಸ್ ತಲೆ ಎತ್ತದೆ ಒಂದು ತೋಳು ಅಡ್ಡ ಚಾಚಿ ಅವನನ್ನು ತಡೆದ.

ಚೆಂಡು ಸುಣ್ಣವನ್ನು ಮುಟ್ಟಿತು. ಸುಣ್ಣದ ಮೇಲೆ ಒಂದು ಕ್ಷಣ ತೂಗಿತು. ಆಮೇಲೆ ಅರ್ಧ ಬೆರಳು ಇಳಿಜಾರಿನಲ್ಲಿ ಆಚೆಗಿಳಿದು, ಇನ್ನೂ ಒಂದು ಸುತ್ತು ಉರುಳಿ, ಹುಲ್ಲಿನ ಅಂಚಿಗೆ ಹೋಗಿ ನಿಂತಿತು.

ಅಂಪೈರ್ ಬಂದು ಬಗ್ಗಿ ನೋಡಿದ. ಎರಡೂ ಕೈ ಎತ್ತಿ ಫೌಲೆಂದ, ಬ್ರಾಂಟ್ ಔಟೆಂದ. ಮೂರನೆಯ ಔಟು ಅದು, ಆಟ ಮುಗಿಯಿತು, ಕಪ್ ನಮ್ಮದಾಯಿತು. ಬ್ರಾಂಟ್ ಮೊದಲನೇ ಬೇಸಿನ ಮೇಲೆ ನಿಂತು, ತನ್ನ ಜೇಬಿನಿಂದ ಯಾರೋ ಏನೋ ಕದ್ದವರಂತೆ ಮೈಯೆಲ್ಲ ಮುಟ್ಟಿ ನೋಡಿಕೊಳ್ಳುತ್ತಿದ್ದ. ನೆಲ ಡೊಂಕು ಎಂದು ಈಗ ಅವನು ಹೇಳುವಂತೆಯೂ ಇರಲಿಲ್ಲ. ಜನ ಬೇಲಿ ಹಾರಿ ಒಳಗೆ ಬಂದರು. ಬೈದವರೇ ಟಿಬ್ಸನನ್ನು ಹೆಗಲ ಮೇಲೆ ಹೊತ್ತರು. ಅವನು ಮೇಲಿಂದಲೇ ಕೊಟ್ಟಿಗೆಯ ಬಾಗಿಲ ಕಡೆ ಕೈ ಮಾಡಿ ಏನೋ ಕೂಗುತ್ತಿದ್ದ, ಯಾರಿಗೂ ಕೇಳಿಸಲಿಲ್ಲ.

ಬರ್ನೀಸ್ ಗುಂಪಿಗೆ ಹೋಗಲಿಲ್ಲ. ಬಾಗಿಲಿನ ನಾಲ್ಕೂ ಮೊಳೆ ಕಿತ್ತು ಪತ್ರಿಕೆಯ ತುಣುಕನ್ನು ತೆಗೆದಳು. ಮೈದಾನ ನೋಡಿಕೊಳ್ಳುವವರು ಪ್ರತಿ ವರ್ಷ ಕೊನೆಯ ಆಟದ ದಿನ ಮಾಲೀಕನ ಕೈಯಲ್ಲಿ ಒಂದು ಚೀಟಿಗೆ ಸಹಿ ಹಾಕಿಸುವುದು ರೂಢಿ: ಮುಂದಿನ ವರ್ಷಕ್ಕೆ ಬೇಕಾದ ಬೀಜ, ಗೊಬ್ಬರ, ಸುಣ್ಣ. ಆ ಚೀಟಿಯನ್ನು ಅವಳು ಬೆಳಿಗ್ಗೆಯೇ ಬರೆದಿಟ್ಟಿದ್ದಳು. ಎರಡನ್ನೂ ಹಿಡಿದು ಮೆಟ್ಟಿಲು ಹತ್ತಿದಳು.

ವಿಟ್‌ಕೋಂಬ್ ತನ್ನ ಕುರ್ಚಿಯಲ್ಲೇ ಇದ್ದ, ಏಕೆಂದರೆ ಎದ್ದು ಹೋಗಲು ದಾರಿ ಇರಲಿಲ್ಲ. ಸುತ್ತ ಕಾಗದದ ಕಾರ್ಖಾನೆಯ ಗಂಡಸರು ಕೈ ಕಟ್ಟಿ ನಿಂತಿದ್ದರು. ಗಸ್ ಪೆಟ್ರಾಕನೂ ಇದ್ದ, ಊರಿನ ಪತ್ರಿಕೆಯವನೂ ಪೆನ್ಸಿಲ್ ಹಿಡಿದು ನಿಂತಿದ್ದ. ಬರ್ನೀಸ್ ಮೊದಲು ತುಣುಕನ್ನು ಅವನ ಮೊಣಕಾಲ ಮೇಲಿಟ್ಟಳು.

"ಅದು ತಮಾಷೆಗೆ ಅಂದಿದ್ದು ಕಣೇ" ಎಂದ ವಿಟ್‌ಕೋಂಬ್.

"ನಾವೂ ತಮಾಷೆಗೇ ಗೆದ್ವಿ" ಎಂದಳು ಬರ್ನೀಸ್. "ಸಹಿ ಹಾಕು."

ಅವನು ಸುತ್ತ ನೋಡಿದ. ಯಾರೂ ಬೈಯಲಿಲ್ಲ, ಯಾರೂ ಅಲುಗಾಡಲೂ ಇಲ್ಲ. ಇವರಲ್ಲಿ ಅರ್ಧ ಜನಕ್ಕೆ ಅವನೇ ಕಾರು ಮಾರಿದವನು, ಉಳಿದರ್ಧಕ್ಕೆ ಮಾರಬೇಕಾದವನು. ಜೇಬಿನಿಂದ ಪೆನ್ನು ತೆಗೆದ. ಒಂದೇ ವರ್ಷ, ಇನ್ನೊಂದೇ ಒಂದು ವರ್ಷ, ತಿಳಿಯಿತೇ ಎಂದು ಎರಡು ಸಲ ಹೇಳಿದ.

"ಹುಲ್ಲು ಬೆಳೆಯೋದೂ ಒಂದೊಂದೇ ವರ್ಷ" ಎಂದಳು ಅವಳು.

ಪತ್ರಿಕೆಯವನು ಅದನ್ನು ಬರೆದುಕೊಂಡ. ವಿಟ್‌ಕೋಂಬ್ ಸಹಿ ಹಾಕಲು ಹೋಗಿ, ಚೀಟಿಯ ಕೊನೆಯ ಸಾಲಿನಲ್ಲಿ ಪೆನ್ನು ನಿಲ್ಲಿಸಿದ. ಬೀಜ, ಗೊಬ್ಬರ, ಸುಣ್ಣದ ಕೆಳಗೆ ಇನ್ನೊಂದಿತ್ತು: ನದಿ ದಂಡೆಯ ಜೇಡಿಮಣ್ಣು, ಎರಡು ಗಾಡಿ. ಇದು ಇಷ್ಟು ವರ್ಷ ಇರಲಿಲ್ಲವಲ್ಲ, ಯಾತಕ್ಕೆ ಎಂದು ಕೇಳಿದ.

ಬರ್ನೀಸ್ ಕೆಳಗೆ ಮೈದಾನದ ಕಡೆ ನೋಡಿದಳು. ಜನರ ಕಾಲಡಿಯಲ್ಲಿ ಸುಣ್ಣದ ಗೆರೆ ಅಳಿಸಿಹೋಗಿತ್ತು.

"ಮೂರನೇ ಗೆರೆ ಹತ್ರ ನೆಲ ಸ್ವಲ್ಪ ತಗ್ಗಾಗಿದೆ" ಎಂದಳು. "ಏರಿಸ್ಬೇಕು."